ಅವ್ವನ ಮೇಲೆ ಹೊರಿಸಿದ ಹಸಿರು ಬೆಂಕಿ

ನಮ್ಮ ಮನೆಯಲ್ಲಿ ಬೆಂಕಿಗೆ ಮಾತು ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ಒಲೆ ಬುಸುಗುಟ್ಟಿದರೆ ಯಾರೋ ನೆಂಟರು ಹೊರಟಿದ್ದಾರೆ ಎಂದು ಅಜ್ಜಿ ಇನ್ನೊಂದು ಬೊಗಸೆ ಅಕ್ಕಿ ತೊಳೆಯಲು ಹೇಳುತ್ತಿದ್ದಳು. ಹೊಗೆ ಹೊರಗೆ ಹೋಗದೆ ಒಳಗೇ ಸುತ್ತಿದರೆ ಮನೆಯವರಲ್ಲಿ ಯಾರೋ ಏನನ್ನೋ ಮುಚ್ಚಿಟ್ಟಿದ್ದಾರೆ ಎಂದು ಅರ್ಥ. ಮಕ್ಕಳಿಗೆ ಜ್ವರ ಬಂದರೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಉಪ್ಪು ಚಟಪಟ ಸಿಡಿಯುತ್ತಿತ್ತು, ಉರಿ ಢಾಳಾದ ಹಳದಿಗೆ ತಿರುಗುತ್ತಿತ್ತು. ಎಷ್ಟು ಹಳದಿಯೋ ಅಷ್ಟು ಕಣ್ಣು ಬಿದ್ದಿದ್ದವು ಎಂದು ಲೆಕ್ಕ. ನನಗೆ ಒಂಬತ್ತು ವರ್ಷವಿದ್ದಿರಬೇಕು. ಅಡುಗೆಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಯಾರಿಗೂ ನಿವಾಳಿಸದೆ ಒಂದು ಚಿಟಿಕೆ ಉಪ್ಪನ್ನು ಒಲೆಗೆ ಹಾಕಿದೆ. ಅದೇ ಹಳದಿ ಬಂತು. ಆಮೇಲೆ ಮೆಣಸಿನಕಾಯಿಯನ್ನಷ್ಟೇ ಹಾಕಿದೆ. ಘಾಟು ಬಂತು, ಹಳದಿ ಬರಲಿಲ್ಲ. ಇದನ್ನು ಅಜ್ಜಿಗೆ ಹೋಗಿ ಹೇಳಿದೆ. ಅವಳು ನನ್ನ ಕಿವಿ ಹಿಂಡಿದಳು, ಆದರೆ ಸುಳ್ಳು ಎಂದು ಹೇಳಲಿಲ್ಲ.

"ಕಂಡಿದ್ದನ್ನೆಲ್ಲ ಆಡಬಾರದು ಹೆಣ್ಣು ಕೂಸು," ಎಂದಳು.

ಉಡುತಡಿಗೆ ನಡೆದು ಹೋಗುವಷ್ಟು ಹತ್ತಿರದ ಒಂದು ಹಳ್ಳಿ ನಮ್ಮದು. ನಮ್ಮದು ಕುರಿ ಮನೆ. ಹೊಲವೂ ಇತ್ತು, ಆದರೆ ಊರಿನವರು ನಮ್ಮನ್ನು ಗುರುತಿಸುತ್ತಿದ್ದದ್ದು ಕುರಿಯಿಂದ. ಮನೆಯ ಹಿಂಗೋಡೆಗೆ ಒರಗಿಕೊಂಡೇ ಕುರಿದೊಡ್ಡಿ. ಮಲಗುವ ಕಂಬಳಿ, ಉಣ್ಣುವ ತಟ್ಟೆ, ನನ್ನ ಶಾಲೆಯ ಚೀಲ ಎಲ್ಲಕ್ಕೂ ಒಂದೇ ವಾಸನೆ. ಮುಂದೆ ಪಡಸಾಲೆ, ಅದರ ಗೂಡಿನಲ್ಲಿ ದೊಡ್ಡಪ್ಪನ ರೇಡಿಯೊ. ನಡುವೆ ನಡುಮನೆ, ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ದೀಪ ಬೇಕು. ಒಳಗೆ ಎರಡು ಉರಿಯ ಒಲೆ ಇರುವ ಅಡುಗೆಮನೆ. ರೇಡಿಯೊದ ಕಿವಿ ತಿರುವುವ ಅಧಿಕಾರ ದೊಡ್ಡಪ್ಪ ಹನುಮಂತಪ್ಪನದು ಮಾತ್ರ. ಅಪ್ಪ ಅವನಿಗಿಂತ ಎಂಟು ವರ್ಷ ಚಿಕ್ಕವನು, ಎದುರಿಗೆ ಕುಳಿತು ಮಾತಾಡಿದವನಲ್ಲ. ಊಟಕ್ಕೆ ಮೊದಲು ದೊಡ್ಡಪ್ಪ, ಆಮೇಲೆ ಅಪ್ಪ, ಆಮೇಲೆ ದೊಡ್ಡಪ್ಪನ ಇಬ್ಬರು ಗಂಡುಮಕ್ಕಳು, ಆಮೇಲೆ ಅಜ್ಜಿ. ಕೊನೆಯಲ್ಲಿ ದೊಡ್ಡವ್ವ, ಅವ್ವ, ನಾನು. ನಮ್ಮ ಪಾಲಿಗೆ ಬರುವ ಹೊತ್ತಿಗೆ ರೊಟ್ಟಿ ಅಂಚಿನಲ್ಲಿ ಒಣಗಿ ತಿರುಚಿಕೊಂಡಿರುತ್ತಿತ್ತು. ಅದನ್ನು ಸಾರಿನಲ್ಲಿ ನೆನೆಹಾಕಿಕೊಂಡು, ಒಲೆಯ ಬೂದಿಯ ಬಿಸಿಗೆ ಕಾಲು ಚಾಚಿ ತಿನ್ನುತ್ತಿದ್ದೆವು. ಆ ಊಟ ನನಗೆ ಬೇಸರ ತರಿಸಿದ ನೆನಪಿಲ್ಲ. ಅವ್ವ ಮಾತಾಡುತ್ತಿದ್ದದ್ದು ಆಗ ಮಾತ್ರ.

ಅವ್ವ ಗಿರಿಜಮ್ಮ ಸೊರಬದ ಕಡೆಯವಳು. ಮದುವೆಯಾಗಿ ಹದಿನಾರು ವರ್ಷವಾದರೂ ಅವಳ ಮಾತು ನಮ್ಮ ಮನೆಯಲ್ಲಿ ನಗೆಯ ವಸ್ತುವಾಗಿತ್ತು. ಅವಳು "ಎಂತ" ಎಂದರೆ ದೊಡ್ಡಪ್ಪನ ಮಕ್ಕಳು "ಎಂತ, ಎಂತ" ಎಂದು ಅಣಕಿಸುತ್ತಿದ್ದರು. ಅವಳ ತವರಿನಿಂದ ಬಂದದ್ದು ಒಂದು ಜೋಡಿ ಆಡು. ಅವು ಮರಿ ಹಾಕಿ ಹಾಕಿ ಏಳಾಗಿದ್ದವು. ಕುರಿಗಳ ಜೊತೆಯಲ್ಲೇ ಮೇಯುತ್ತಿದ್ದವು, ಅದೇ ದೊಡ್ಡಿಯಲ್ಲಿ ಮಲಗುತ್ತಿದ್ದವು, ಅದೇ ಕಲ್ಲಿನ ಬಾನಿಯಲ್ಲಿ ನೀರು ಕುಡಿಯುತ್ತಿದ್ದವು. ಬೇಸಿಗೆಯಲ್ಲಿ ಅಂಬ್ಲಿಗೊಳದ ಹಿನ್ನೀರು ಸರಿದ ಜಾಗದಲ್ಲಿ ಹಸಿ ಹುಲ್ಲು ಚಿಗುರಿದಾಗ ಎಲ್ಲವನ್ನೂ ಒಟ್ಟಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಆದರೂ ಅವು ಅವ್ವನ ಆಡುಗಳು. ದೊಡ್ಡಪ್ಪ ಅವನ್ನು ಹೆಸರಿಟ್ಟು ಕರೆಯದೆ "ಸೊರಬದವು" ಎನ್ನುತ್ತಿದ್ದ.

ನಾನು ಹತ್ತನೇ ತರಗತಿಯಲ್ಲಿದ್ದ ಮಳೆಗಾಲದಲ್ಲಿ ಕುರಿಗಳ ಗೊರಸಿನ ಸಂದಿ ಕೊಳೆತು ಅರ್ಧಕ್ಕರ್ಧ ಮಂದೆ ಕುಂಟತೊಡಗಿತು. ಅದು ಪ್ರತಿ ಮಳೆಗಾಲದ ಕಾಟವೇ. ದೊಡ್ಡಪ್ಪ ಸೊರಬದ ಪೇಟೆಗೆ ಹೋಗಿ, ತೋಟದವರು ಔಷಧಿ ಹೊಡೆಯಲು ಒಯ್ಯುವ ಅಂಗಡಿಯಿಂದ ಒಂದು ಡಬ್ಬಿ ಮೈಲುತುತ್ತು ತಂದ. ನೀಲಿ ಹರಳು, ಕಲ್ಲುಸಕ್ಕರೆಯ ಹಾಗೆ ಹೊಳೆಯುತ್ತಿತ್ತು. ಅದನ್ನು ನೀರಿನಲ್ಲಿ ಕರಗಿಸಿ, ಕುರಿಗಳನ್ನು ಒಂದೊಂದಾಗಿ ಹಿಡಿದು ಕಾಲು ಅದ್ದಿಸಿದರು. ಗೊರಸು ವಾಸಿಯಾಯಿತು. ವಾರಕ್ಕೆ ಎರಡು ಸಲ, ಇಡೀ ಮಳೆಗಾಲ ಹೀಗೆ ನಡೆಯಿತು. ಮಳೆ ಹಿಂದಾಗುವ ಹೊತ್ತಿಗೆ ಕುರಿಗಳು ಸಾಯತೊಡಗಿದವು. ಬೆಳಿಗ್ಗೆ ಮೇವಿಗೆ ಬಾಯಿ ಹಾಕದ ಕುರಿ ಸಂಜೆಗೆ ನೆಲ ಹಿಡಿಯುತ್ತಿತ್ತು. ಕಣ್ಣಿನ ಬಿಳಿ ಅರಿಸಿನ ಹಚ್ಚಿದ ಹಾಗೆ, ಮೂತ್ರ ಕಪ್ಪುಗೆಂಪು. ಮೊದಲ ವಾರ ಮೂರು, ಎರಡನೆಯ ವಾರ ಐದು. ಅಜ್ಜಿ ನಿವಾಳಿಸಿದಳು, ದೊಡ್ಡಪ್ಪ ಹರಕೆ ಹೊತ್ತ, ಅಪ್ಪ ಸೊಪ್ಪು ಅರೆದು ಕುಡಿಸಿದ. ದೊಡ್ಡಿಯಲ್ಲಿ ಹುಷಾರಾಗಿದ್ದವು ಸೊರಬದ ಏಳು ಆಡುಗಳು ಮಾತ್ರ. ಸತ್ತ ಕುರಿಗಳ ಪಕ್ಕದಲ್ಲೇ ನಿಂತು ಅವು ಹಲಸಿನ ಎಲೆ ಅಗಿಯುತ್ತಿದ್ದವು.

ಹಾಗೆ ಮಾತು ಶುರುವಾಯಿತು. ಮೊದಲು ಬಾವಿಕಟ್ಟೆಯಲ್ಲಿ, ಆಮೇಲೆ ನಮ್ಮ ಪಡಸಾಲೆಯಲ್ಲಿ. ಅವಳ ಆಡು ಬೆಳೀತಾವ, ನಮ್ಮ ಕುರಿ ಸಾಯ್ತಾವ ಎಂದು ದೊಡ್ಡವ್ವ ರೊಟ್ಟಿ ತಟ್ಟುತ್ತಾ ಯಾರಿಗೂ ಅಲ್ಲ ಎಂಬಂತೆ ಹೇಳುತ್ತಿದ್ದಳು. ಅವ್ವ ಪಕ್ಕದಲ್ಲೇ ಕುಳಿತು ಹಿಟ್ಟು ನಾದುತ್ತಿದ್ದಳು. ದೊಡ್ಡಪ್ಪ ಯಾವುದೋ ಊರಿನಿಂದ ಹೇಳಿಕೆ ಹೇಳುವವನೊಬ್ಬನನ್ನು ಕರೆಸಿದ. ಒಂದು ಅಮಾವಾಸ್ಯೆಯ ಮಧ್ಯಾಹ್ನ ಅವನು ಬಂದ. ನಡುಮನೆಯ ಬಾಗಿಲು ಮುಂದೆ ಮಾಡಿ, ಕೆಂಡದ ಕುಂಡ ಇಟ್ಟು, ಮನೆಯವರೆಲ್ಲ ಒಬ್ಬೊಬ್ಬರಾಗಿ ಅದನ್ನು ಸುತ್ತಬೇಕೆಂದ. ಒಬ್ಬೊಬ್ಬರು ಸುತ್ತುವಾಗಲೂ ಒಂದೊಂದು ಚಿಟಿಕೆ ಪುಡಿ ಹಾಕುತ್ತಿದ್ದ. ದೊಡ್ಡಪ್ಪ ಸುತ್ತಿದಾಗ ಬೆಂಕಿ ಬೆಂಕಿಯ ಹಾಗೆಯೇ ಇತ್ತು. ಅಪ್ಪ, ದೊಡ್ಡವ್ವ, ಮಕ್ಕಳು, ನಾನು ಸುತ್ತಿದಾಗಲೂ ಅಷ್ಟೇ. ಅವ್ವ ಸುತ್ತಿದಾಗ ಉರಿ ಭಗ್ಗೆಂದು ಹಸಿರಾಯಿತು. ಗಿಳಿಯ ರೆಕ್ಕೆಯ ಹಸಿರು. ಆ ಕತ್ತಲ ಕೋಣೆಯಲ್ಲಿ ಎಲ್ಲರ ಮುಖವೂ ಹಸಿರಾಗಿ ಕಂಡವು. ಅವ್ವ ನಿಂತಲ್ಲೇ ನಿಂತಳು.

"ನಾ ಹೇಳೋದೇನೈತಿ, ಬೆಂಕೀನೇ ಹೇಳ್ತು," ಎಂದ ಆ ಮನುಷ್ಯ.

ಅಪ್ಪ ಏನಾದರೂ ಹೇಳುತ್ತಾನೆಂದು ಅವ್ವ ಅವನ ಕಡೆ ನೋಡಿದಳು. ಅವನು ಕಂಬಳಿಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. ಅಜ್ಜಿ ಗೋಡೆಗೆ ಒರಗಿ ಕುಳಿತಿದ್ದಳು, ತುಟಿ ಬಿಗಿದುಕೊಂಡು. ಬಾಗಿಲ ಸಂದಿಯಿಂದ ಅರ್ಧ ಊರು ಇಣುಕುತ್ತಿತ್ತು. ಮರುದಿನ ಬೆಳಗಿನ ಬಸ್ಸಿಗೆ ಅವ್ವನನ್ನು ತವರಿಗೆ ಕಳಿಸಿದರು. ಅವಳು ಅಳಲಿಲ್ಲ. ಒಂದು ಕೈಚೀಲದಲ್ಲಿ ಎರಡು ಸೀರೆ ಹಾಕಿಕೊಂಡು, ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿ, ಇಷ್ಟೇ ಹೇಳಿದಳು:

"ನಾನೆಂತದೂ ಮಾಡಲಿಲ್ಲ ಕಣೆ ರತ್ನಿ. ಇದು ನಿಂಗೆ ಗೊತ್ತಿದ್ರೆ ಸಾಕು."

ನನಗೆ ಅದು ಸಾಕಾಗಲಿಲ್ಲ. ಇವತ್ತಿಗೂ ಸಾಕಾಗಿಲ್ಲ. ನನಗೊಬ್ಬಳಿಗೆ ಗೊತ್ತಿದ್ದು ಏನು ಬಂತು? ಅವಳು ಹೋದ ಮೂರನೆಯ ದಿನ ದೊಡ್ಡಪ್ಪ ಊಟದ ನಡುವೆ ಇನ್ನೊಂದು ತೀರ್ಮಾನ ಹೇಳಿದ. ಮನೆಯಲ್ಲಿ ಕೆಲಸಕ್ಕೆ ಹೆಣ್ಣಾಳಿಲ್ಲ, ರತ್ನಿ ಓದಿದ್ದು ಸಾಕು, ಹೆಸರು ತೆಗೆಸಿಕೊಂಡು ಬರಲಿ. ಅಪ್ಪ ಆಗಲೂ ಅನ್ನ ಕಲಸುತ್ತಲೇ ಇದ್ದ. ನಾನು ಸಾರಿನ ಪಾತ್ರೆಯನ್ನು ನೆಲಕ್ಕೆ ಇಟ್ಟು ಎದ್ದು ನಿಂತು, ಆಗಲಿ, ಹೋಗಿ ಬರುತ್ತೇನೆ ಎಂದೆ. ಒಪ್ಪಿಕೊಂಡಳು ಎಂದುಕೊಂಡರು. ನನ್ನ ಮನಸ್ಸಿನಲ್ಲಿ ಇದ್ದದ್ದು ಬೇರೆ. ಉಪ್ಪು ಬಿದ್ದರೆ ಬೆಂಕಿ ಹಳದಿಯಾಗುತ್ತದೆ, ಅದಕ್ಕೆ ಯಾರ ಕಣ್ಣೂ ಬೇಕಿಲ್ಲ ಎಂಬುದು ನನಗೆ ಗೊತ್ತಿತ್ತು. ಹಾಗಾದರೆ ಏನು ಬಿದ್ದರೆ ಹಸಿರಾಗುತ್ತದೆ? ಇದನ್ನು ಕೇಳಲು ನನಗೆ ಗೊತ್ತಿದ್ದವರು ಒಬ್ಬರೇ ಇದ್ದರು.

ಶಿಕಾರಿಪುರದ ನಮ್ಮ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವರು ವಿಮಲಕ್ಕೋರು. ಹೆಣ್ಣು ಮೇಷ್ಟ್ರನ್ನು ನಾವು ಅಕ್ಕೋರು ಎನ್ನುತ್ತಿದ್ದೆವು. ಕುಳ್ಳಗೆ, ಗಟ್ಟಿ ದನಿಯ ಹೆಂಗಸು. ಸೀರೆಯ ಸೆರಗಿನಲ್ಲಿ ಆಮ್ಲ ಬಿದ್ದು ಸುಟ್ಟ ತೂತುಗಳಿರುತ್ತಿದ್ದವು. ಹೆಸರು ತೆಗೆಸಲು ಬಂದಿದ್ದೇನೆ ಎಂದಾಗ ಯಾಕೆ ಎಂದರು. ಎಲ್ಲವನ್ನೂ ಹೇಳಿದೆ. ಹಸಿರು ಬೆಂಕಿಯ ವಿಷಯಕ್ಕೆ ಬಂದಾಗ ಅವರು ನನ್ನನ್ನು ತಡೆದರು.

"ಯಾವ ಹಸಿರು? ಎಳೆ ಹುಲ್ಲಿನ ಹಸಿರೋ, ಗಿಳಿ ಹಸಿರೋ?"

"ಗಿಳಿ ಹಸಿರು ಅಕ್ಕೋರೆ. ಅಂಚಿಗೆ ಸ್ವಲ್ಪ ನೀಲಿ."

ಅವರು ಬೀಗದ ಕೈ ತೆಗೆದುಕೊಂಡು ಲ್ಯಾಬಿಗೆ ನಡೆದರು. ಲ್ಯಾಬು ಎಂದರೆ ಒಂದು ಬೀರು, ಒಂದು ಉದ್ದ ಮೇಜು. ಕಿಟಕಿ ಮುಚ್ಚಿದರು, ಸ್ಪಿರಿಟ್ ದೀಪ ಹಚ್ಚಿದರು. ಒಂದು ತಂತಿಯನ್ನು ಆಮ್ಲದಲ್ಲಿ ಅದ್ದಿ, ಉಪ್ಪಿಗೆ ಮುಟ್ಟಿಸಿ ಉರಿಗೆ ಹಿಡಿದರು. ನನ್ನ ಒಲೆಯ ಹಳದಿ. ತಂತಿ ತೊಳೆದು ಸುಣ್ಣಕ್ಕೆ ಮುಟ್ಟಿಸಿದರು. ಇಟ್ಟಿಗೆಯ ಕೆಂಪು. ಮತ್ತೆ ತೊಳೆದು ಒಂದು ಬಾಟಲಿಯಿಂದ ನೀಲಿ ಹರಳಿನ ಚೂರು ತೆಗೆದರು. ಅದನ್ನು ಉರಿಗೆ ಹಿಡಿಯುವ ಮುಂಚೆಯೇ ನನಗೆ ಗುರುತು ಸಿಕ್ಕಿತು. ಆ ಹರಳು ನಮ್ಮ ಮನೆಯಲ್ಲಿತ್ತು. ಉರಿ ಹಸಿರಾಯಿತು. ಅದೇ ಗಿಳಿ ಹಸಿರು, ಅಂಚಿಗೆ ಅದೇ ನೀಲಿ.

"ಮೈಲುತುತ್ತು," ಎಂದರು. "ಇದರಲ್ಲಿರೋದು ತಾಮ್ರ."

ನನಗೆ ಹೆಸರಷ್ಟೇ ಸಾಲದಾಗಿತ್ತು. ಯಾಕೆ ಹಸಿರು ಎಂದು ಕೇಳಿದೆ. ಅದು ನಮ್ಮ ಪಾಠದಲ್ಲಿ ಇರಲಿಲ್ಲ. ಅವರು ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಏಣಿ ಬರೆದರು. ಪರಮಾಣುವಿನೊಳಗೆ ಎಲೆಕ್ಟ್ರಾನುಗಳಿಗೆ ಇಂಥಿಂಥ ಮೆಟ್ಟಿಲು ಎಂದು ಇದೆ, ಎರಡು ಮೆಟ್ಟಿಲ ನಡುವೆ ಅವು ನಿಲ್ಲಲಾರವು ಎಂದರು. ಬೆಂಕಿಯ ಶಾಖ ಎಲೆಕ್ಟ್ರಾನನ್ನು ಮೇಲಿನ ಮೆಟ್ಟಿಲಿಗೆ ಹತ್ತಿಸುತ್ತದೆ. ಅಲ್ಲಿ ಅದಕ್ಕೆ ಹೆಚ್ಚು ಹೊತ್ತು ಉಳಿಗಾಲವಿಲ್ಲ. ಕೆಳಗೆ ಬೀಳುತ್ತದೆ, ಬೀಳುವಾಗ ಪಡೆದ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಡುತ್ತದೆ. ಎಷ್ಟು ಎತ್ತರದಿಂದ ಬಿತ್ತು ಎನ್ನುವುದರ ಮೇಲೆ ಬಣ್ಣ. ಎತ್ತರ ಕಡಿಮೆಯಾದರೆ ಕೆಂಪಿನ ಕಡೆ, ಹೆಚ್ಚಾದರೆ ನೇರಳೆಯ ಕಡೆ.

"ಉಪ್ಪಿನಲ್ಲಿರೋ ಸೋಡಿಯಂನ ಏಣಿ ಬೇರೆ, ತಾಮ್ರದ ಏಣಿ ಬೇರೆ. ಒಂದರ ಮೆಟ್ಟಿಲು ಇನ್ನೊಂದಕ್ಕಿಲ್ಲ. ಅದಕ್ಕೇ ಬಣ್ಣ ನೋಡಿ ಯಾವುದು ಅಂತ ಹೇಳಬಹುದು. ಬೆಂಕಿ ಮುಂದೆ ಯಾರು ನಿಂತಿದ್ದಾರೆ ಅಂತ ತಾಮ್ರಕ್ಕೆ ಗೊತ್ತಾಗಲ್ಲ ರತ್ನಾ."

ಆ ಮಾತು ಕೇಳಿ ನಾನು ಅತ್ತೆ. ಅವ್ವ ಹೋದ ಮೇಲೆ ಅತ್ತದ್ದು ಅದೇ ಮೊದಲು. ಅಕ್ಕೋರು ಸಮಾಧಾನ ಮಾಡಲು ಬರಲಿಲ್ಲ, ಬೀರು ಸರಿಮಾಡುತ್ತಾ ನಿಂತರು. ಕಣ್ಣು ಒರೆಸಿಕೊಂಡು ನಾನು ಕೇಳಿದ ಪ್ರಶ್ನೆ ನನಗೆ ಈಗಲೂ ಹೆಮ್ಮೆ ತರುತ್ತದೆ. ಮೆಟ್ಟಿಲು ತೀರಾ ಚಿಕ್ಕದಾದರೆ ಏನಾಗುತ್ತದೆ ಎಂದು ಕೇಳಿದೆ. ಅವರು ತಿರುಗಿ ನೋಡಿದರು. ಏಣಿಯ ಮೇಲ್ತುದಿಯಲ್ಲಿ ಮೆಟ್ಟಿಲುಗಳು ಒಂದಕ್ಕೊಂದು ಬಹಳ ಹತ್ತಿರ, ಅಲ್ಲಿಂದ ಒಂದೇ ಮೆಟ್ಟಿಲು ಇಳಿದರೆ ಬರುವ ಅಲೆ ಎಷ್ಟು ಉದ್ದವೆಂದರೆ ಕಣ್ಣು ಅದನ್ನು ಹಿಡಿಯಲಾರದು. ಅದು ರೇಡಿಯೊ ಅಲೆ, ನಕ್ಷತ್ರಗಳ ನಡುವೆ ಮೋಡದಂತೆ ಹರಡಿರುವ ಅನಿಲದಿಂದ ಅಂಥವು ಬರುತ್ತಲೇ ಇರುತ್ತವೆ ಎಂದರು. ನಮ್ಮ ದೊಡ್ಡಪ್ಪನ ರೇಡಿಯೊಗೂ ಹಾಗೇ ಬರುವುದೋ ಎಂದೆ. ಇಲ್ಲ, ಅದಕ್ಕೆ ಕೇಂದ್ರದವರು ಎತ್ತರದ ಕಂಬದಲ್ಲಿ ಎಲೆಕ್ಟ್ರಾನುಗಳನ್ನು ಹಿಂದೆ ಮುಂದೆ ಓಡಿಸುತ್ತಾರೆ, ಹುಟ್ಟುವ ರೀತಿ ಬೇರೆ. ಆದರೆ ಆ ಅಲೆಯೂ ಒಲೆಯ ಬೆಳಕೂ ಒಂದೇ ಕುಲ ಎಂದರು. ನಾನೂ ಬದುಕೆಲ್ಲ ಭೌತಶಾಸ್ತ್ರ ಕಲಿಸಿ ಈಗ ನಿವೃತ್ತಳಾಗಿದ್ದೇನೆ. ತಾಮ್ರದ ಹಸಿರಿನಲ್ಲಿ ಒಂಟಿ ಪರಮಾಣುವಿನದಷ್ಟೇ ಅಲ್ಲ, ಉರಿಯಲ್ಲಿ ಅದು ಕಟ್ಟಿಕೊಳ್ಳುವ ಅಣುಗಳ ಪಾಲೂ ದೊಡ್ಡದಿದೆ ಎಂದು ಆಮೇಲೆ ಓದಿದೆ. ಆದರೆ ಆವತ್ತು ಮೇಜಿನ ಮೇಲೆ ಬರೆದ ಏಣಿಗಿಂತ ಸ್ಪಷ್ಟವಾಗಿ ನನ್ನಿಂದ ಯಾವ ಮಕ್ಕಳಿಗೂ ಪಾಠ ಹೇಳಲಾಗಲಿಲ್ಲ.

ಹೆಸರು ತೆಗೆಸದೆ ಬಸ್ಸು ಹತ್ತಿದೆ. ಅವ್ವನ ಸರದಿಗೆ ಮಾತ್ರ ಹೇಳಿಕೆಯವನು ಹಾಕಿದ ಪುಡಿ ಏನೆಂದು ಗೊತ್ತಾಗಿತ್ತು. ಆದರೆ ಕುರಿ ಸತ್ತದ್ದು ನಿಜವಷ್ಟೆ. ಮನೆಗೆ ಬಂದವಳು ನೇರ ದೊಡ್ಡಿಗೆ ಹೋದೆ. ಅವ್ವನ ಆಡುಗಳನ್ನು ಹೊರಗೆ ಬೇಲಿಗೆ ಕಟ್ಟಿದ್ದರು. ಅವ್ವ ಹೋದಾಗಿನಿಂದ ಅವುಗಳಿಗೆ ನೀರು ಕೊಡುತ್ತಿದ್ದವಳು ನಾನೊಬ್ಬಳೇ. ಬಾನಿಯಿಂದ ನೀರು ಮೊಗೆಯಲು ಬಗ್ಗಿದಾಗ ಕಲ್ಲಿನ ಒಳಗೋಡೆಯ ಸುತ್ತ ಹಸಿರುನೀಲಿ ಹಕ್ಕಳೆ ಕಟ್ಟಿದ್ದು ಕಂಡಿತು. ಪಾಚಿ ಎಂದು ಎಷ್ಟೋ ದಿನ ನೋಡಿಯೂ ನೋಡದ ಹಾಗೆ ಇದ್ದುದು ಅದೇ. ಉಗುರಿನಲ್ಲಿ ಕೆರೆದೆ. ಪಾಚಿ ಜಾರುತ್ತದೆ, ಇದು ಪುಡಿಯಾಯಿತು. ಆಗ ಎಲ್ಲ ನೆನಪಾಯಿತು. ದೊಡ್ಡಪ್ಪ ಮೈಲುತುತ್ತು ಕರಗಿಸಿದ್ದು ಈ ಬಾನಿಯಲ್ಲೇ. ಕಾಲು ಅದ್ದಿಸಿ ಆದ ಮೇಲೆ ನೀರು ಚೆಲ್ಲಿ, ತೊಳೆಯದೆ, ಅದರ ಮೇಲೇ ಕುಡಿಯುವ ನೀರು ತುಂಬಿಸಿದ್ದ. ವಾರಕ್ಕೆ ಎರಡು ಸಲ, ಇಡೀ ಮಳೆಗಾಲ.

ಕೆರೆದ ಪುಡಿಯನ್ನು ಕಾಗದದಲ್ಲಿ ಕಟ್ಟಿ ಮರುದಿನ ಅಕ್ಕೋರಿಗೆ ಒಯ್ದೆ. ತಂತಿಗೆ ಮುಟ್ಟಿಸಿ ಉರಿಗೆ ಹಿಡಿದರು. ಹಸಿರು. ಅವರು ತಾವೇ ನಮ್ಮ ಮನೆಗೆ ಬಂದು ಹೇಳುತ್ತೇನೆ ಎಂದರು. ಬೇಡ ಎಂದೆ. ಹೊರಗಿನವರು ಬಂದರೆ ದೊಡ್ಡಪ್ಪ ಕಾಫಿ ಕೊಟ್ಟು ಕಳಿಸಿಬಿಡುತ್ತಾನೆ, ನಾನೇ ಮಾಡುತ್ತೇನೆ ಎಂದೆ. ಅವರು ದೀಪ, ತಂತಿ, ಆಮ್ಲದ ಪುಟ್ಟ ಸೀಸೆಯನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. ಆಮ್ಲ ಚೆಲ್ಲಿಕೊಳ್ಳಬೇಡ ಎಂದಷ್ಟೇ ಹೇಳಿದರು.

ಆ ಭಾನುವಾರ ಅವ್ವನ ವಿಷಯ ಮುಗಿಸಲು ಹಿರಿಯರು ನಮ್ಮ ಮನೆಯಲ್ಲಿ ಸೇರಿದ್ದರು. ಸೊರಬದಿಂದ ಅವ್ವನ ಅಣ್ಣ ತಿಮ್ಮಪ್ಪ ಮಾವನನ್ನೂ ಕರೆಸಿದ್ದರು. ಅವ್ವ ಇನ್ನು ಅಲ್ಲೇ ಇರಲಿ, ಆಡುಗಳನ್ನೂ ಹೊಡೆದುಕೊಂಡು ಹೋಗಲಿ ಎಂದು ದೊಡ್ಡಪ್ಪ ಮಾತು ಮುಗಿಸುವ ಹೊತ್ತಿಗೆ ನಾನು ನಡುಮನೆಯ ಮಧ್ಯಕ್ಕೆ ಬಂದು ಕುಳಿತು ಗಂಟು ಬಿಚ್ಚಿದೆ.

"ಏನಲೇ ಅದು? ಹಿರಿಯರು ಕುಂತಾಗ ಹೆಣ್ಣುಡುಗಿಗೇನು ಕೆಲಸ ಇಲ್ಲಿ? ಒಳಗ ನಡಿ," ಎಂದ ದೊಡ್ಡಪ್ಪ.

"ಹಸಿರು ಬೆಂಕಿ ತೋರಿಸ್ತೀನಿ ದೊಡ್ಡಪ್ಪ. ನೋಡಿ ಆದ ಮ್ಯಾಲೆ ಹೋಗ್ತೀನಿ."

ಅವನು ಎದ್ದು ಬಂದು ನನ್ನ ರಟ್ಟೆ ಹಿಡಿದೆಳೆದ. ನಾನು ಕಂಬ ಹಿಡಿದುಕೊಂಡೆ. ಆಗ ಗೋಡೆಯ ಕಡೆಯಿಂದ ಅಜ್ಜಿಯ ದನಿ ಬಂತು.

"ಬಿಡೋ ಅವಳನ್ನ. ಹಚ್ಚಲಿ. ನಾ ನೋಡಬೇಕು."

ಅವನು ಬಿಟ್ಟ. ತಾಯಿಯ ಮಾತಿಗೆ ಅವನೂ ಎದುರಾಡುವವನಲ್ಲ. ಬಾಗಿಲು ಮುಂದೆ ಮಾಡಲು ಹೇಳಿ ದೀಪ ಹಚ್ಚಿದೆ. ಮೊದಲು ಉಪ್ಪು ಹಿಡಿದು ಹಳದಿ ತೋರಿಸಿದೆ. ಇದಕ್ಕೆ ಯಾರ ದೃಷ್ಟಿಯೂ ತಾಗಿಲ್ಲ ಎಂದೆ. ತಂತಿ ತೊಳೆದು ದೊಡ್ಡಪ್ಪನ ಡಬ್ಬಿಯಿಂದ ತೆಗೆದಿದ್ದ ಮೈಲುತುತ್ತಿನ ಚೂರು ಹಿಡಿದೆ. ಹಸಿರು ಬಂದಾಗ ಹಿರಿಯರಲ್ಲೊಬ್ಬರು ಹಿಂದಕ್ಕೆ ಸರಿದು ಕುಳಿತರು. ಇಲ್ಲಿ ನಮ್ಮವ್ವ ಇಲ್ಲ, ಅವಳು ಸೊರಬದಲ್ಲಿದ್ದಾಳೆ, ಬೆಂಕಿ ಮಾತ್ರ ಹಸಿರಾಗಿದೆ ಎಂದೆ. ಕೊನೆಗೆ ಬಾನಿಯಿಂದ ಕೆರೆದ ಪುಡಿ. ಅದೂ ಹಸಿರು.

"ಇದು ಎಲ್ಲಿಂದ ತಂದಿದ್ದೇ?" ಅಜ್ಜಿ ಕೇಳಿದಳು.

"ಕುರಿ ನೀರು ಕುಡಿಯೋ ಬಾನಿಯಿಂದ. ದೊಡ್ಡಪ್ಪ ಕಾಲು ಅದ್ದಿಸಿದ ನೀರು ಚೆಲ್ಲಿ, ತೊಳೀದೇ ಕುಡಿಯೋ ನೀರು ತುಂಬ್ಯಾನ. ಬೆಂಕಿ ಹಸಿರಾದ್ರ ಮಾಟ ಅಂತಾದ್ರ, ಆ ಮಾಟ ಮಾಡಿದ್ದು ಯಾರು ಅಂತ ಈಗ ನೀವೇ ಹೇಳ್ರಿ."

ದೊಡ್ಡಪ್ಪ ಹೊಡೆದ. ಕೆನ್ನೆ ಒಳಗೆ ಹಲ್ಲು ತಾಗಿ ರಕ್ತ ಬಂತು. ನಾನು ದೀಪ ಬಿಡಲಿಲ್ಲ. ತಿಮ್ಮಪ್ಪ ಮಾವ ಎದ್ದು ನಡುವೆ ನಿಂತ. ಆಗ ಹಿರಿಯರಲ್ಲೊಬ್ಬರು ಕೇಳಬಾರದಿದ್ದ ಪ್ರಶ್ನೆ ಕೇಳಿದರು. ಆಡುಗಳೂ ಅದೇ ನೀರು ಕುಡಿದವಲ್ಲ, ಅವು ಯಾಕೆ ಸಾಯಲಿಲ್ಲ? ಗೊತ್ತಿಲ್ಲ ಎಂದೆ. ದೊಡ್ಡಪ್ಪ ನಕ್ಕ. ಗೊತ್ತಿಲ್ಲದವಳು ದೊಡ್ಡವರ ಮೇಲೆ ಬೆರಳು ತೋರಿಸುತ್ತಾಳೆ ಎಂದ. ಆ ನಗೆ ಹೊಡೆತಕ್ಕಿಂತ ಹೆಚ್ಚು ನೋಯಿಸಿತು. ಆದರೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿದ್ದಕ್ಕೆ ನನಗೆ ಈವರೆಗೆ ಪಶ್ಚಾತ್ತಾಪವಾಗಿಲ್ಲ.

ತಿಮ್ಮಪ್ಪ ಮಾವ ತಾಳ್ಮೆಯ ಮನುಷ್ಯ. ಹೋಗುವ ಮುಂಚೆ ಒಂದೇ ಮಾತು ಕೇಳಿಕೊಂಡ.

"ಜಗಳ ಎಂತಕ್ಕೆ? ದನದ ಡಾಕ್ಟ್ರನ್ನ ಕೇಳನ. ಅವರು ಹೇಳಿದ್ದಕ್ಕೆ ನಾನು ಒಪ್ತೀನಿ, ನೀವೂ ಒಪ್ರಿ."

ಮರುದಿನ ಪಶು ಆಸ್ಪತ್ರೆಯ ಡಾಕ್ಟರು ಬಂದರು. ಒಂದು ಕುರಿಯ ಕಣ್ಣರೆಪ್ಪೆ ಬಿಡಿಸಿ ನೋಡಿದರು, ಬಾನಿಯನ್ನು ನೋಡಿದರು, ಡಬ್ಬಿಯನ್ನು ಕೇಳಿ ತರಿಸಿಕೊಂಡರು. ಕುರಿಯಷ್ಟು ತಾಮ್ರಕ್ಕೆ ಸೂಕ್ಷ್ಮವಾದ ಸಾಕುಪ್ರಾಣಿ ಇನ್ನೊಂದಿಲ್ಲ, ಆಡು ಅದಕ್ಕಿಂತ ಎಷ್ಟೋ ಹೆಚ್ಚು ತಡೆಯುತ್ತದೆ ಎಂದರು. ವಿಷ ಸ್ವಲ್ಪ ಸ್ವಲ್ಪವಾಗಿ ಪಿತ್ತಜನಕಾಂಗದಲ್ಲಿ ಸೇರಿ, ತುಂಬಿದ ದಿನ ಒಮ್ಮೆಲೇ ಹೊರಗೆ ಬರುತ್ತದೆ. ನೀರು ಬದಲಿಸಿದ ಮೇಲೂ ಕೆಲವು ಸಾಯಬಹುದು, ಹೆದರಬೇಡಿ ಎಂದು ಎಚ್ಚರಿಸಿದರು. ಅವರು ಹೋದ ಮೇಲೆ ಅಪ್ಪ ಹಾರೆ ತೆಗೆದುಕೊಂಡು ದೊಡ್ಡಿಗೆ ಹೋದ. ಮೂವರು ಸೇರಿ ಎತ್ತುವ ಕಲ್ಲಿನ ಬಾನಿ ಅದು. ಅದನ್ನು ಒಬ್ಬನೇ ಮೀಟಿ, ಉರುಳಿಸಿ, ಬೇಲಿಯಾಚೆ ತಳ್ಳಿದ. ಅಣ್ಣನನ್ನು ಕೇಳದೆ ಅವನು ಮಾಡಿದ ಮೊದಲ ಕೆಲಸ ಅದು. ಅವನ ಅಂಗೈ ಕಿತ್ತುಹೋಗಿತ್ತು. ನಾನು ಅರಿಸಿನ ಹಚ್ಚಲು ಹೋದರೆ ಕೈ ಹಿಂದಕ್ಕೆಳೆದುಕೊಂಡ, ನನ್ನ ಮುಖ ನೋಡಲಾಗದೆ.

ಡಾಕ್ಟರು ಹೇಳಿದ ಹಾಗೆ ಆಮೇಲೂ ನಾಲ್ಕು ಕುರಿ ಸತ್ತವು. ಒಂದೊಂದು ಸತ್ತಾಗಲೂ ದೊಡ್ಡವ್ವ ನನ್ನ ಕಡೆ ನೋಡುತ್ತಿದ್ದಳು. ಅವು ಸಾಯುತ್ತಿದ್ದ ಹತ್ತು ಹನ್ನೆರಡು ದಿನ ನಾನೇ ತಪ್ಪಿದ್ದರೆ ಎಂಬ ಹೆದರಿಕೆ ಎದೆಯಲ್ಲಿ ಕುಳಿತಿತ್ತು. ಆದರೂ ದಿನವೂ ಬಸ್ಸು ಹತ್ತಿ ಶಾಲೆಗೆ ಹೋದೆ. ಯಾರೂ ಹೋಗು ಎನ್ನಲಿಲ್ಲ, ಯಾರೂ ತಡೆಯಲಿಲ್ಲ. ಆಮೇಲೆ ಸಾವು ನಿಂತಿತು. ಉಳಿದ ಕುರಿಗಳು ಮೈದುಂಬಿಕೊಂಡವು.

ಅವ್ವನನ್ನು ಕರೆತರಲು ಅಪ್ಪನೂ ನಾನೂ ಸೊರಬಕ್ಕೆ ಹೋದೆವು. ಅವಳು ಅಂಗಳದಲ್ಲಿ ಭತ್ತ ಹರಡುತ್ತಿದ್ದಳು. ಎಲ್ಲವನ್ನೂ ಕೇಳಿ, ನನ್ನ ಕೆನ್ನೆ ಮುಟ್ಟಿ ನೋಡಿ, ಮತ್ತೆ ಭತ್ತ ಹರಡತೊಡಗಿದಳು.

"ಬರದಿಲ್ಲ," ಎಂದಳು ಅಪ್ಪನಿಗೆ. "ನನ್ನನ್ನ ಕಳಿಸಿದೋರು ನೀವಲ್ಲ. ನೀವು ಸುಮ್ಮನೆ ಇದ್ದೋರು. ಕಳಿಸಿದೋರು ಬಂದು ಕರೀಲಿ."

ಇಷ್ಟು ವರ್ಷ ಬಾಗಿಲ ಹಿಂದೆ ನಿಂತು ಮಾತಾಡಿದ ಹೆಂಗಸು ಅವಳು. ನಾನು ನಡುಮನೆಯಲ್ಲಿ ದೀಪ ಹಚ್ಚಿದ್ದು ದೊಡ್ಡ ಧೈರ್ಯ ಎಂದುಕೊಂಡಿದ್ದೆ. ಆ ಅಂಗಳದಲ್ಲಿ ಅವಳ ಬೆನ್ನು ನೋಡಿದ ಮೇಲೆ ಹಾಗನ್ನಿಸಲಿಲ್ಲ. ನಾವು ಹಿಂದಿರುಗಿದೆವು. ದೊಡ್ಡಪ್ಪ ಹೋಗಲಿಲ್ಲ. ಸಾಯುವವರೆಗೂ ಅವನು ಆ ವಿಷಯ ಎತ್ತಲಿಲ್ಲ. ಒಂದು ವಾರ ಕಳೆದ ಮೇಲೆ, ಊರು ಬಿಟ್ಟು ಬಸ್ಸು ಹತ್ತಿಯೇ ಎಷ್ಟೋ ವರ್ಷವಾಗಿದ್ದ ಅಜ್ಜಿ ಒಗೆದ ಸೀರೆ ಉಟ್ಟು, ಕೋಲು ಹಿಡಿದು, ನನ್ನನ್ನು ಜೊತೆ ಮಾಡಿಕೊಂಡು ಹೊರಟಳು. ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ತಿಮ್ಮಪ್ಪ ಮಾವನ ಮನೆಯವರೆಗೆ ನಡೆದಳು. ದಾರಿಯಲ್ಲಿ ಮೂರು ಸಲ ಕುಳಿತಳು. ಅಂಗಳಕ್ಕೆ ಕಾಲಿಟ್ಟವಳು ನೀರು ಕೂಡ ಕೇಳಲಿಲ್ಲ.

"ತಪ್ಪಾತು ಗಿರಿಜಾ. ಅವತ್ತು ನಾನೂ ಅಲ್ಲೇ ಕುಂತಿದ್ದೆ, ಬಾಯಿ ಬಿಡಲಿಲ್ಲ. ಮನೀಗೆ ಬಾ."

ಅವ್ವ ಅವಳ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಳು. ಕುಡಿದು ಮುಗಿಯುವವರೆಗೆ ಕಾದು, ಆಮೇಲೆ ತನ್ನ ಮಾತು ಹೇಳಿದಳು. ಬರುತ್ತೇನೆ, ಆದರೆ ಒಲೆ ಬೇರೆ. ರತ್ನಿ ಎಲ್ಲಿಯವರೆಗೆ ಓದುತ್ತಾಳೋ ಅಲ್ಲಿಯವರೆಗೆ ಓದುತ್ತಾಳೆ. ಅಜ್ಜಿ ಒಪ್ಪಿದಳು. ಮನೆಗೆ ಬಂದ ಮೂರನೆಯ ದಿನವೇ ಅವ್ವ ಹಿತ್ತಲ ಕೋಣೆಯಲ್ಲಿ ಮಣ್ಣು ಕಲಸಿ ತನ್ನದೇ ಒಲೆ ಹಾಕಿದಳು. ಒಂದೇ ಸೂರಿನಡಿ ಎರಡು ಸಂಸಾರವಾದವು. ಹಬ್ಬಕ್ಕೆ ಹೋಳಿಗೆ ಆ ಕಡೆಯಿಂದ ಈ ಕಡೆ ಬರುತ್ತಿತ್ತು, ಈ ಕಡೆಯಿಂದ ಆ ಕಡೆ ಹೋಗುತ್ತಿತ್ತು. ಅದರಾಚೆ ಏನೂ ಇರಲಿಲ್ಲ. ನಮ್ಮ ಒಲೆಯ ಮುಂದೆ ಅಪ್ಪ, ಅವ್ವ, ನಾನು ಮೂವರೂ ಒಟ್ಟಿಗೆ ಕುಳಿತು ಉಂಡೆವು, ರೊಟ್ಟಿ ಬಿಸಿಯಿರುವಾಗಲೇ.

ದೊಡ್ಡ ಮನೆ ನನ್ನಿಂದ ಒಡೆಯಿತು ಎಂದು ನಮ್ಮವರು ಈಗಲೂ ಹೇಳುತ್ತಾರೆ. ಹೋದ ವರ್ಷ ಒಂದು ಮದುವೆಯಲ್ಲಿ ದೊಡ್ಡಪ್ಪನ ಹಿರಿಯ ಮಗ, ಈಗ ಅವನಿಗೂ ತಲೆ ನೆರೆತಿದೆ, ನನ್ನ ಪಕ್ಕ ಬಂದು ಕುಳಿತ. ಮೊಮ್ಮಕ್ಕಳ ಓದು, ಮೆಕ್ಕೆಜೋಳದ ಬೆಳೆ ಎಲ್ಲ ಮಾತಾಡಿದ ಮೇಲೆ ಮೆಲ್ಲಗೆ ವಿಷಯಕ್ಕೆ ಬಂದ.

"ನೀ ಹೇಳಿದ್ದು ಖರೆ ಇತ್ತು ರತ್ನಕ್ಕ, ಅದರಾಗೇನೂ ಇಲ್ಲ. ಆದ್ರ ಅಪ್ಪನ್ನ ಒಳಗ ಕರೆದು, ನಾಲ್ಕು ಗೋಡಿ ನಡುವ ಹೇಳಿದ್ರ ಆಗ್ತಿತ್ತು. ಅಷ್ಟು ಜನರ ಮುಂದ ಹಂಗ ಮಾಡಬಾರದಿತ್ತು."

"ನಮ್ಮವ್ವನ್ನ ಯಾರ ಮುಂದ ಹೊರಗ ಹಾಕಿದ್ರು?" ಎಂದೆ.